ಎಚ್‌ಎಫ್ ಹಸು ಸೊರಗುತ್ತೆ, ಶಂಖದ ಹುಳು ಕೊಬ್ಬುತ್ತೆ: ಯಾಕೆ?

ಚನ್ನಗಿರಿ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಉದ್ದದ ಪತ್ರ, ಮುಖ್ಯವಾದಷ್ಟನ್ನು ಕೊಡುತ್ತಿದ್ದೇವೆ.

“ಕೆಲವು ವರ್ಷದ ಹಿಂದೆ ನರ್ಸರಿಯಿಂದ ಅಡಿಕೆ ಸಸಿ ತಂದಿದ್ದೆವು. ಚೀಲದ ಮಣ್ಣಿನಲ್ಲಿ ಒಂದೆರಡು ಶಂಖದ ಹುಳು ಇದ್ದವು. ಮಕ್ಕಳು ಆಟ ಆಡಿ ತೋಟದಲ್ಲೇ ಬಿಟ್ಟರು. ಈಗ ಮಳೆ ಬಿದ್ದರೆ ಸಾಕು, ರಾತ್ರಿ ತೋಟದಲ್ಲಿ ಕಾಲಿಡಲು ಆಗಲ್ಲ. ಸಸಿ, ಬಾಳೆ, ಎಲೆಬಳ್ಳಿ ಯಾವುದನ್ನೂ ಬಿಡುತ್ತಿಲ್ಲ. ನಮ್ಮ ಎಚ್‌ಎಫ್ ಹಸು ಕೊಟ್ಟಿಗೆಯಲ್ಲಿ ಫ್ಯಾನ್ ಹಾಕಿದರೂ ಬೇಸಿಗೆಯಲ್ಲಿ ಸೊರಗುತ್ತೆ. ಆಫ್ರಿಕಾದಿಂದ ಬಂದ ಈ ಹುಳುವಿಗೆ ಮಾತ್ರ ಏನೂ ಆಗಲ್ಲ. ಇದು ಯಾವ ನ್ಯಾಯ ಸ್ವಾಮಿ? ಒಬ್ಬರು ಉಪ್ಪು ಹಾಕು ಅಂತಾರೆ, ಇನ್ನೊಬ್ಬರು ಬಾತುಕೋಳಿ ಸಾಕು ಅಂತಾರೆ. ಈ ಹುಳುವನ್ನೇ ತಿನ್ನುವ ಇನ್ನೊಂದು ಹುಳು ಫಾರಿನ್ನಿನಲ್ಲಿ ಇದೆಯಂತೆ, ಅದನ್ನು ತರಿಸಬಾರದಾ? ಮತ್ತೊಂದು ವಿಷಯ. ಮಗ ಮನೆಯಲ್ಲಿ ಸಾಕಿದ ಟ್ಯಾಂಕ್ ಕ್ಲೀನರ್ ಮೀನು ತೊಟ್ಟಿಗೆ ಹಿಡಿಸದಷ್ಟು ಬೆಳೆದಿದೆ, ಕೆರೆಗೆ ಬಿಡ್ತೀನಿ ಅಂತಾನೆ. ಬಿಡಬಹುದಾ?”

ಯಜಮಾನರೇ, ಮೊದಲು ಹಸುವಿನ ಲೆಕ್ಕ ಮುಗಿಸೋಣ. ಎಚ್‌ಎಫ್ ತಳಿಯ ಮೂಲ ಹಾಲೆಂಡ್ ಕಡೆ. ಚಳಿ, ಮೋಡ, ವರ್ಷವಿಡೀ ಹಸಿರು ಹುಲ್ಲು ಇರುವ ಸೀಮೆ. ನಿಮ್ಮ ಶಂಖದ ಹುಳುವಿನ ತವರು ಪೂರ್ವ ಆಫ್ರಿಕಾ. ಅಲ್ಲಿ ಕೆಲವು ತಿಂಗಳು ಮಳೆ, ಆಮೇಲೆ ಒಣ ಬಿಸಿಲು. ಅಂದರೆ ನಮ್ಮ ಚನ್ನಗಿರಿಯ ವರ್ಷ ಅದಕ್ಕೆ ಹೊಸದೇನಲ್ಲ. ದೂರದ ದೇಶದಿಂದ ಬಂದಿದೆ ಅನ್ನುವುದು ನಮಗೆ ದೊಡ್ಡ ವಿಷಯ, ಪ್ರಾಣಿಗೆ ಅಲ್ಲ. ಅದಕ್ಕೆ ಬೇಕಿರುವುದು ತನ್ನೂರಿನಂಥ ಹವೆ, ಮೇವು, ಅಡಗಲು ಜಾಗ.

ಬೇಸಿಗೆಯಲ್ಲಿ ಒಮ್ಮೆ ತೋಟದ ಬದಿಯ ಕಲ್ಲುಗುಡ್ಡೆಯನ್ನೋ, ಪಂಪ್‌ಹೌಸ್ ಗೋಡೆಯ ಸಂದನ್ನೋ ನೋಡಿ. ಶಂಖದೊಳಗೆ ಹುಳು ಪೂರ್ತಿ ಒಳಸೇರಿ, ಬಾಯಿಗೆ ಸುಣ್ಣ ಬಳಿದ ಹಾಗೆ ಒಂದು ಬಿಳಿ ತೆಳು ಪೊರೆ ಕಟ್ಟಿಕೊಂಡು ಕೂತಿರುತ್ತದೆ. ಬೆರಳಲ್ಲಿ ತಟ್ಟಿದರೆ ಖಾಲಿ ಚಿಪ್ಪು ಅನ್ನಿಸುತ್ತದೆ. ಖಾಲಿ ಅಲ್ಲ. ಮೈಯ ನೀರು ಹೊರಗೆ ಹೋಗದ ಹಾಗೆ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಭರಣಿಯೋ ಕೃತ್ತಿಕೆಯೋ ಒಂದು ಹದ ಮಳೆ ಹೊಡೆದ ರಾತ್ರಿ ಪೊರೆ ಒಡೆದು ಹೊರಗೆ ಬರುತ್ತದೆ. ನೀವು ‘ಎಲ್ಲಿಂದ ಬಂದವು ಇಷ್ಟೊಂದು’ ಅಂತ ತಲೆ ಕೆರೆದುಕೊಳ್ಳುತ್ತೀರಿ. ಎಲ್ಲಿಂದಲೂ ಬಂದಿಲ್ಲ, ಅಲ್ಲೇ ಇದ್ದವು.

ಆದರೆ ಹವೆ ಒಂದೇ ಸಾಲದು. ಇದೇ ಹುಳುವನ್ನು ಚಳ್ಳಕೆರೆಯ ಒಣ ಹೊಲಕ್ಕೆ ಬಿಟ್ಟು ನೋಡಿ (ಬಿಡಬೇಡಿ, ಮಾತಿಗೆ ಹೇಳಿದೆ). ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಅದೂ ಒಂದು, ಬಟ್ಟ ಬಯಲಿನಲ್ಲಿ ಅದರ ಆಟ ಹೆಚ್ಚು ನಡೆಯಲ್ಲ. ಆದರೆ ಅದೇ ಹೊಲಕ್ಕೆ ಬೋರ್ ಕೊರೆಸಿ, ಡ್ರಿಪ್ ಎಳೆದು, ಅಡಿಕೆ ಹಾಕಿ, ಬುಡಕ್ಕೆ ಸೋಗೆ, ಹಾಳೆ ಮುಚ್ಚಿಗೆ ಮಾಡಿದರೆ ಕತೆಯೇ ಬೇರೆ. ನೆರಳು, ತೇವ, ಕೊಳೆತ ಎಲೆ, ವರ್ಷವಿಡೀ ಚಿಗುರು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆ ಅಡಿಕೆ ಎಷ್ಟು ದೂರ ಹಬ್ಬುತ್ತದೋ ಅಷ್ಟು ದೂರ ಈ ಹುಳುವಿಗೆ ನಾವೇ ದಾರಿ ಹಾಸುತ್ತಿದ್ದೇವೆ. ಅಡಿಕೆ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ಯಾರು ಕೇಳುತ್ತಾರೆ? ಬೇರೆ ಊರಿನ ಪ್ರಾಣಿ ನೆಲೆ ನಿಲ್ಲುವುದು ಹೆಚ್ಚಾಗಿ ನಾವು ಕಡಿದು, ಅಗೆದು, ನೀರು ಹಾಯಿಸಿ ಹೊಸದಾಗಿ ಮಾಡಿದ ಜಾಗದಲ್ಲಿ ಅನ್ನುವುದು ಮಾತ್ರ ಗೊತ್ತಿರಲಿ.

ಇನ್ನು ನಿಮ್ಮ ‘ಯಾವ ನ್ಯಾಯ’ಕ್ಕೆ ಬರುತ್ತೇನೆ. ಹೊರಗಿನಿಂದ ಬಂದದ್ದೆಲ್ಲ ಬದುಕುತ್ತದೆ ಅನ್ನಿಸುವುದಕ್ಕೆ ಕಾರಣ, ಬದುಕದೇ ಹೋದದ್ದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಜೀವ ವಿಜ್ಞಾನದವರು ಒಂದು ಅಂದಾಜು ಲೆಕ್ಕ ಹೇಳುತ್ತಾರೆ. ತಂದ ಹತ್ತು ಜಾತಿಯಲ್ಲಿ ಒಂದು ಹೊರಗೆ ತಪ್ಪಿಸಿಕೊಳ್ಳುತ್ತದೆ, ಅಂಥ ಹತ್ತರಲ್ಲಿ ಒಂದು ಅಲ್ಲೇ ಮರಿ ಮಾಡಿ ಉಳಿಯುತ್ತದೆ, ಹಾಗೆ ಉಳಿದ ಹತ್ತರಲ್ಲಿ ಒಂದು ಪೀಡೆ ಆಗುತ್ತದೆ. ಇದು ಗಿಡಗಳಿಗೆ ಸುಮಾರಾಗಿ ಹೊಂದುವ ಲೆಕ್ಕ. ಮೀನು, ಹಕ್ಕಿ, ಇಲಿ ಥರದ ಬೆನ್ನೆಲುಬಿನ ಪ್ರಾಣಿಗಳಲ್ಲಿ ಗೆಲ್ಲುವವು ಇದಕ್ಕಿಂತ ತುಂಬಾ ಜಾಸ್ತಿ. ಹಾಗಾಗಿ ‘ಹತ್ತರಲ್ಲಿ ಒಂದು ತಾನೇ’ ಅಂತ ಸುಮ್ಮನಿರುವ ಹಾಗಿಲ್ಲ.

ಆಸ್ಟ್ರೇಲಿಯಾದ ಮೊಲದ ಕತೆ ಎಲ್ಲರೂ ಕೇಳಿರುತ್ತೀರಿ. ಅದರಲ್ಲಿ ಜನ ಬಿಟ್ಟುಬಿಡುವ ಭಾಗವೊಂದಿದೆ. ಬ್ರಿಟಿಷರ ಮೊದಲ ಹಡಗುಗಳ ಜೊತೆ 1788ರಲ್ಲೇ ಮೊಲ ಅಲ್ಲಿಗೆ ಹೋಗಿತ್ತು. ಆಮೇಲೂ ಬೇಕಾದಷ್ಟು ಸಲ ತಂದರು. ಸುಮಾರು 70 ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಅವು ಬಹುಪಾಲು ಗೂಡಿನಲ್ಲಿ ಸಾಕುವ ಸಾಧು ಮೊಲಗಳು. 1859ರಲ್ಲಿ ಥಾಮಸ್ ಆಸ್ಟಿನ್ ಅನ್ನುವ ಜಮೀನ್ದಾರ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ 24 ಮೊಲ ತರಿಸಿ ವಿಕ್ಟೋರಿಯಾದ ತನ್ನ ಎಸ್ಟೇಟಿಗೆ ಬಿಟ್ಟ. ಈ ಸಲ ಬಂದವುಗಳಲ್ಲಿ ಕಾಡು ಮೊಲದ ರಕ್ತ ಇತ್ತು. ಅಷ್ಟೇ ಸಾಕಾಯಿತು. ವರ್ಷಕ್ಕೆ ನೂರು ಕಿಲೋಮೀಟರ್ ಲೆಕ್ಕದಲ್ಲಿ ಹಬ್ಬಿದವು. ಅದೇ ದೇಶ, ಅದೇ ಹುಲ್ಲು, ಮೊಲದ ಜಾತಿಯೂ ಅದೇ. ಆದ್ದರಿಂದ ‘ಇಷ್ಟು ವರ್ಷ ಏನೂ ಆಗಿಲ್ಲ ಬಿಡಿ’ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಎಷ್ಟು ಬಂದವು, ಎಷ್ಟು ಸಲ ಬಂದವು ಅನ್ನುವುದೂ ದೊಡ್ಡ ವಿಷಯ. ನ್ಯೂಜಿಲೆಂಡಿಗೆ ಬ್ರಿಟಿಷರು ತಮ್ಮೂರಿನ ಹಕ್ಕಿಗಳನ್ನೆಲ್ಲ ಹೊತ್ತು ತಂದು ಬಿಟ್ಟಿದ್ದರು. ಲೆಕ್ಕ ತೆಗೆದು ನೋಡಿದರೆ ಜಾಸ್ತಿ ಸಂಖ್ಯೆಯಲ್ಲಿ, ಮತ್ತೆ ಮತ್ತೆ ಬಿಟ್ಟ ಜಾತಿಗಳೇ ಹೆಚ್ಚಾಗಿ ಉಳಿದಿವೆ. ನಾಲ್ಕು ಹಕ್ಕಿ ಬಿಟ್ಟರೆ ಒಂದನ್ನು ಬೆಕ್ಕು ಹಿಡಿಯುತ್ತದೆ, ಒಂದು ಚಳಿಗೆ ಸಾಯುತ್ತದೆ, ಉಳಿದೆರಡೂ ಗಂಡಾದರೆ ಮುಗಿಯಿತು. ನಾನೂರು ಬಿಟ್ಟರೆ ಆ ಭಯ ಇಲ್ಲ. ನಮ್ಮಲ್ಲಿ ಈ ಕೆಲಸ ಮಾಡುವುದು ನರ್ಸರಿ ಚೀಲ, ತೋಟಕ್ಕೆ ಹೊಡೆಸುವ ಮಣ್ಣು, ಬಾಳೆ ಕಂದು, ಗೊಬ್ಬರದ ಲೋಡು. ವರ್ಷಾ ವರ್ಷಾ ಬರುತ್ತಲೇ ಇರುತ್ತದೆ.

ಶಂಖದ ಹುಳುವಿಗೆ ಆ ಸಂಖ್ಯೆಯೂ ಬೇಕಿಲ್ಲ ನೋಡಿ, ಅದೇ ತಮಾಷೆ. ಪ್ರತಿ ಹುಳುವಿನಲ್ಲೂ ಗಂಡು, ಹೆಣ್ಣು ಎರಡೂ ಅಂಗ ಇರುತ್ತವೆ. ಯಾವ ಎರಡು ಎದುರಾದರೂ ಜೋಡಿಯೇ. ಒಮ್ಮೆ ಕೂಡಿದ ಹುಳು ಆ ವೀರ್ಯವನ್ನು ಮೈಯಲ್ಲಿ ಎಷ್ಟೋ ತಿಂಗಳು ಇಟ್ಟುಕೊಂಡು, ಬೇಕಾದಾಗ ಮೊಟ್ಟೆ ಇಡಬಲ್ಲದು. ಒಂದು ಸಲಕ್ಕೆ ನೂರರಿಂದ ನಾನೂರರ ತನಕ. ಹಾಳೆ ಎತ್ತಿ ಬುಡದ ಸಡಿಲ ಮಣ್ಣನ್ನು ಕೈಯಲ್ಲಿ ಸರಿಸಿದರೆ ತೊಗರಿ ಕಾಳಿನಷ್ಟು ದಪ್ಪದ, ತಿಳಿ ಹಳದಿ ಮೊಟ್ಟೆಗಳ ಗೊಂಚಲು ಸಿಗುತ್ತದೆ. ಹಾಗಾಗಿ ನಿಮ್ಮ ಮಕ್ಕಳು ಬಿಟ್ಟ ‘ಒಂದೆರಡು’ ಅನ್ನುವುದು ಸಣ್ಣ ಸಂಖ್ಯೆ ಅಲ್ಲ. ಮಕ್ಕಳನ್ನು ಬೈಯಬೇಡಿ. 1847ರಲ್ಲಿ ಬೆನ್ಸನ್ ಅನ್ನುವ ಶಂಖ, ಚಿಪ್ಪುಗಳ ಪಂಡಿತನೇ ಮಾರಿಷಸ್‌ನಿಂದ ಇದನ್ನು ತಂದು ಕೋಲ್ಕತ್ತದಲ್ಲಿ ಸ್ನೇಹಿತನ ತೋಟಕ್ಕೆ ಬಿಟ್ಟಿದ್ದ. ಭಾರತದಲ್ಲಿ ಇದರ ಸಂಸಾರ ಶುರುವಾದದ್ದು ಅಲ್ಲಿಂದ.

ಅಮೆರಿಕದ ಮಿಯಾಮಿಯಲ್ಲೂ ಹೀಗೇ ಆಯಿತು. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರು ಶಂಖದ ಹುಳು ತಂದ. ಅವನ ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟಳು. ಏಳು ವರ್ಷದಲ್ಲಿ ಅವು 18,000 ದಾಟಿದ್ದವು. ಹತ್ತು ಲಕ್ಷ ಡಾಲರ್ ಸುರಿದು 1975ರ ಹೊತ್ತಿಗೆ ಪೂರ್ತಿ ತೆಗೆದರು. 2011ರಲ್ಲಿ ಮಿಯಾಮಿಯಲ್ಲಿ ಮತ್ತೆ ಸಿಕ್ಕಿತು. ಈ ಸಲ ವಾಸನೆ ಹಿಡಿಯುವ ನಾಯಿಗಳನ್ನೂ ಇಟ್ಟುಕೊಂಡು ಹುಡುಕಿದರು, ‘ಮುಗಿಯಿತು’ ಅಂತ ಹೇಳಲು 2021 ಆಯಿತು. ಮರುವರ್ಷವೇ ಅದೇ ಫ್ಲೋರಿಡಾದ ಇನ್ನೊಂದು ಕಡೆ ಕಾಣಿಸಿಕೊಂಡಿತು!

ಈ ಕತೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಮೊದಲ ಎರಡು ಮೂರು ವರ್ಷ. ಮೂರು ಹುಳು ಮುನ್ನೂರು ಆಗುವ ತನಕ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಒಂದು ಶಂಖದ ಹುಳು ಕಂಡೆ’ ಅಂತ ಯಾರು ಕೃಷಿ ಇಲಾಖೆಗೆ ಹೋಗುತ್ತಾರೆ ಹೇಳಿ? ಹೋದರೂ ಅಲ್ಲಿ ಯಾರು ಬರೆದುಕೊಳ್ಳುತ್ತಾರೆ? ಎಲ್ಲರೂ ಎಚ್ಚರವಾಗುವ ಹೊತ್ತಿಗೆ ಪೂರ್ತಿ ತೆಗೆಯುವ ಕಾಲ ಕಳೆದಿರುತ್ತದೆ, ಹದ್ದುಬಸ್ತಿನಲ್ಲಿ ಇಡುವ ಕಾಲ ಶುರುವಾಗಿರುತ್ತದೆ. ಬಿಚ್ಚಿ ಹೇಳುತ್ತೇನೆ, ನಿಮ್ಮ ತೋಟ ಈ ಎರಡನೆಯ ಕಾಲದಲ್ಲಿದೆ. ಆದರೆ ನಿಮ್ಮ ತಾಲೂಕಿನಲ್ಲೇ ಇನ್ನೂ ಮೊದಲನೆಯ ಕಾಲದಲ್ಲಿರುವ ತೋಟಗಳು ಬೇಕಾದಷ್ಟಿವೆ. ಈ ಉತ್ತರ ಇಷ್ಟು ಉದ್ದ ಆಗುತ್ತಿರುವುದು ಅವರಿಗಾಗಿ.

ಇನ್ನೊಂದು ಕಾರಣ ವೈರಿಗಳು. ತವರಿನಲ್ಲಿ ಪ್ರತಿ ಹುಳುವಿಗೂ ತಿನ್ನುವವರು, ರೋಗ ಹಚ್ಚುವವರು ಇರುತ್ತಾರೆ. ಹಡಗಿನಲ್ಲೋ ವಿಮಾನದಲ್ಲೋ ಬರುವಾಗ ಅವರೆಲ್ಲ ಹಿಂದೆ ಉಳಿದುಬಿಡುತ್ತಾರೆ. ದಾವಣಗೆರೆಯ ಮೆಕ್ಕೆಜೋಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಸಲ ಅದನ್ನು ಗುರುತಿಸಿದವರು ನಮ್ಮ ಪಕ್ಕದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರು. ಒಂದು ವರ್ಷ ಕಳೆಯುವಷ್ಟರಲ್ಲಿ ಮಿಜೋರಾಂ ತನಕ ಹೋಗಿತ್ತು. ಅದರ ಚಿಟ್ಟೆ ಗಾಳಿ ಹಿಡಿದರೆ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು, ಹೆಣ್ಣೊಂದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಆದರೆ ಅದು ಬಂದಿಳಿದ ಜಾಗ ನೋಡಿ: ದಾವಣಗೆರೆ, ಜಗಳೂರು, ಹರಿಹರ, ಹೊಳಲ್ಕೆರೆ, ಎತ್ತ ನೋಡಿದರೂ ಮೆಕ್ಕೆಜೋಳ. ಒಂದು ಹೊಲ ತಿಂದು ಪಕ್ಕದ ಹೊಲಕ್ಕೆ ಹೋದರೆ ಅಲ್ಲೂ ಅದೇ ಊಟ.

ಆ ಮೊದಲ ಮುಂಗಾರು ನೆನಪಿದೆಯಾ? ಸುಳಿ ಬಿಚ್ಚಿದರೆ ಒಳಗೆ ಒದ್ದೆ ಲದ್ದಿ, ಅದರ ಅಡಿಯಲ್ಲಿ ತಲೆ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಗುರುತು ಇರುವ ಹುಳು. ಏನು ಹೊಡೆದರೂ ಸುಳಿಯೊಳಗೆ ಹೋಗದ ಔಷಧಿ. ಈಗಲೂ ಕಾಟ ಇದೆ, ಆದರೆ ಮಳೆ ಹಿಡಿದ ವಾರಗಳಲ್ಲಿ ಅದೇ ಸುಳಿಯಲ್ಲಿ ಬಿಳಿ, ಹಸಿರು ಬೂಷ್ಟು ಕಟ್ಟಿ ಗಟ್ಟಿಯಾಗಿ ಸತ್ತ ಹುಳುಗಳೂ ಸಿಗುತ್ತವೆ. ನಮ್ಮದೇ ನೆಲದ ಶಿಲೀಂಧ್ರ, ಪರತಂತ್ರ ಕಣಜಗಳು ಈ ಹೊಸ ಊಟವನ್ನು ಕಂಡುಕೊಂಡಿವೆ. ಅದಕ್ಕೆ ಸ್ವಲ್ಪ ಕಾಲ ಬೇಕಾಯಿತು. ವಾರಕ್ಕೊಂದು ಸಲ ಸಿಕ್ಕಸಿಕ್ಕ ವಿಷ ಹೊಡೆದರೆ ಅವೂ ಸಾಯುತ್ತವೆ, ಹುಳು ಮತ್ತೆ ಆರಾಮ. ನಿಮ್ಮ ಶಂಖದ ಹುಳುವನ್ನೂ ಕೆಂಬೂತ ತಿನ್ನುತ್ತದೆ. ತೋಟದ ಬೇಲಿಯ ಪೊದೆಯನ್ನೆಲ್ಲ ಸವರಿ ನುಣ್ಣಗೆ ಮಾಡಿದರೆ ಅದು ಎಲ್ಲಿ ಗೂಡು ಕಟ್ಟಬೇಕು?

ಅಂದ ಹಾಗೆ ಇದರಲ್ಲಿ ನಾವೇನೂ ಬರೀ ಅನುಭವಿಸುವ ಕಡೆಯವರಲ್ಲ. ನಮ್ಮ ಅಂಗಳದ ಗೊರವಂಕ 1862ರಲ್ಲಿ ಮೆಲ್ಬರ್ನಿಗೆ ಹೋಗಿ ಇವತ್ತು ಆಸ್ಟ್ರೇಲಿಯಾದವರ ತಲೆನೋವು. ಗದ್ದೆಯ ದೊಡ್ಡ ಗೋಂಕರು ಕಪ್ಪೆ ಅಂಡಮಾನ್ ಸೇರಿ, ಅದರ ಗೊದಮೊಟ್ಟೆಗಳು ಅಲ್ಲಿನ ಕಪ್ಪೆಗಳ ಗೊದಮೊಟ್ಟೆ ತಿನ್ನುತ್ತಿವೆ. ಇಲ್ಲಿ ಸಾಧು, ಅಲ್ಲಿ ಪೀಡೆ.

ಈಗ ಫಾರಿನ್ ಹುಳುವಿನ ಪ್ರಶ್ನೆ. ನೀವು ಕೇಳಿದ ಹುಳು ನಿಜವಾಗಿಯೂ ಇದೆ, ಅಮೆರಿಕದ ದಕ್ಷಿಣದ್ದು, ಬೇರೆ ಶಂಖದ ಹುಳುಗಳ ಜಾಡು ಹಿಡಿದು ಹೋಗಿ ತಿನ್ನುತ್ತದೆ. 1955ರಲ್ಲಿ ಅದನ್ನು ಹವಾಯಿಗೆ ಇದೇ ಕೆಲಸಕ್ಕೆ ತಂದರು. ಅದು ದೊಡ್ಡ ಆಫ್ರಿಕನ್ ಹುಳುವನ್ನು ಬಿಟ್ಟು, ಅಲ್ಲಿನ ಮರಗಳ ಮೇಲಿದ್ದ ಸಣ್ಣ ಸ್ಥಳೀಯ ಹುಳುಗಳನ್ನು ಹುಡುಕಿ ಹುಡುಕಿ ತಿಂದಿತು. ಪಾಠ ಕಲಿತರಾ? ಇಲ್ಲ. 1977ರಲ್ಲಿ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪಕ್ಕೂ ಬಿಟ್ಟರು. ಹತ್ತು ವರ್ಷದಲ್ಲಿ ಅಲ್ಲಿನ ಪಾರ್ಟುಲಾ ಅನ್ನುವ ಚಂದದ ಮರದ ಹುಳುಗಳು ಕಾಡಿನಿಂದ ಮಾಯವಾದವು, ಉಳಿದದ್ದು ಝೂಗಳಲ್ಲಿ ಸಾಕಿಕೊಂಡವು ಮಾತ್ರ. ಆದ್ದರಿಂದ ಬೇಡವೇ ಬೇಡ. ಯಾರಾದರೂ ಗುಟ್ಟಾಗಿ ತರಿಸಿಕೊಡುತ್ತೇನೆ ಅಂದರೂ ಬೇಡ, ಕಾನೂನಿನಲ್ಲೂ ಅದಕ್ಕೆ ಅವಕಾಶ ಇಲ್ಲ.

ಹಾಗಂತ ಹೊರಗಿನಿಂದ ತಂದ ವೈರಿ ಯಾವಾಗಲೂ ಕೈಕೊಡುತ್ತದೆ ಅಂತಲೂ ಅಲ್ಲ. ಪಾಪಾಸುಕಳ್ಳಿ ಒಂದು ಕಾಲದಲ್ಲಿ ದಕ್ಷಿಣದ ಒಣ ಸೀಮೆಯನ್ನೆಲ್ಲ ನುಂಗಿತ್ತು. 1795ರಲ್ಲಿ ಬ್ರಿಟಿಷರು ಬಣ್ಣ ತೆಗೆಯಲು ಬ್ರೆಜಿಲ್‌ನಿಂದ ಒಂದು ಕೀಟ ತರಿಸಿದರು. ಬೇಕಾದದ್ದರ ಬದಲು ಬೇರೆ ಜಾತಿಯ ಕೀಟ ಬಂತು, ಬಣ್ಣಕ್ಕೆ ಬಾರದ್ದು, ಆದರೆ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು! ಅದು ಅದೃಷ್ಟ. 2010ರಲ್ಲಿ ಪಪ್ಪಾಯಿ, ಹಿಪ್ಪುನೇರಳೆಯ ಹಿಟ್ಟು ತಿಗಣೆಗೆ ಪೋರ್ಟೊರಿಕೊದಿಂದ ಸಣ್ಣ ಕಣಜ ತರಿಸಿದ್ದು ಅದೃಷ್ಟ ಅಲ್ಲ. ಬೆಂಗಳೂರಿನ ಕೀಟ ಸಂಸ್ಥೆಯವರು ಅದು ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಅಂತ ಪರೀಕ್ಷೆ ಮಾಡಿ ಆಮೇಲೆ ಬಿಟ್ಟರು. ಕೆಲಸ ಮಾಡಿತು. ಒಂದೇ ಊಟ ಗೊತ್ತಿರುವ ಕೀಟಕ್ಕೂ ಸಿಕ್ಕಿದ್ದು ತಿನ್ನುವ ಹುಳುವಿಗೂ ಇರುವ ವ್ಯತ್ಯಾಸ ಅದು.

ಹಾಗಾದರೆ ಏನು ಮಾಡಬೇಕು? ಉಪ್ಪನ್ನು ತೋಟಕ್ಕೆ ಎರಚಬೇಡಿ, ಹುಳು ಸಾಯುತ್ತದೆ, ಮಣ್ಣೂ ಕೆಡುತ್ತದೆ. ಸಂಜೆ ಗೋಣಿಚೀಲ ನೆನೆಸಿ, ಅದರೊಳಗೆ ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಹಾಕಿ ಸಾಲಿನಲ್ಲಿ ಅಲ್ಲಲ್ಲಿ ಇಡಿ. ಬೆಳಗಿನ ಜಾವ ಹೋದರೆ ಅಡಿಯಲ್ಲಿ ಸೇರಿರುತ್ತವೆ. ಆರಿಸಿ, ಬಕೆಟ್ಟಿನ ಗಟ್ಟಿ ಉಪ್ಪುನೀರಿಗೆ ಹಾಕಿ. ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ. ಬರಿಗೈಯಲ್ಲಿ ಮುಟ್ಟಲೇಬೇಡಿ, ಇಲಿಯಿಂದ ಬಂದ ಒಂದು ಜಂತು ಇದರ ಮೈಯಲ್ಲಿ ಇರಬಹುದು, ಮನುಷ್ಯರಿಗೆ ಹೊಕ್ಕರೆ ಮೆದುಳಿನ ಪೊರೆಗೆ ಉರಿಯೂತ ತರುತ್ತದೆ. ಗ್ಲೌಸ್ ಹಾಕಿ, ಮಕ್ಕಳನ್ನು ದೂರ ಇಡಿ. ಎಲ್ಲಕ್ಕಿಂತ ಮುಖ್ಯ ಸಮಯ. ಬೇಸಿಗೆಯಲ್ಲಿ ಕಲ್ಲುಗುಡ್ಡೆ, ಗೋಡೆ ಸಂದಿನಲ್ಲಿ ಬಾಗಿಲು ಹಾಕಿ ಕೂತವನ್ನು ಆರಿಸುವುದು, ಆಮೇಲೆ ಮೊದಲ ಹದ ಮಳೆಯಿಂದ ಮೃಗಶಿರ ಮುಗಿಯುವ ತನಕ ಬಿಡದೆ ಆರಿಸುವುದು. ಮೊಟ್ಟೆ ಇಟ್ಟ ಮೇಲೆ ಆರಿಸಿದರೆ ಅರ್ಧ ಕೆಲಸ ವ್ಯರ್ಥ. ಮೆಟಾಲ್ಡಿಹೈಡ್ ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ, ಆದರೆ ನಾಯಿ ತಿಂದರೆ ಉಳಿಯುವುದು ಕಷ್ಟ. ಬಾತುಕೋಳಿ ಸಣ್ಣ ಮರಿಗಳನ್ನು ಹೆಕ್ಕುತ್ತದೆ, ದೊಡ್ಡ ಶಂಖ ಅದರ ಕೈಲಾಗಲ್ಲ. ಸಾಕುವ ಮನಸ್ಸಿದ್ದರೆ ಸಾಕಿ, ಮಾತ್ರೆ ಹಾಕಿದ ತೋಟಕ್ಕೆ ಮಾತ್ರ ಬಿಡಬೇಡಿ. ಮತ್ತೆ ಅಕ್ಕಪಕ್ಕದ ನಾಲ್ಕು ತೋಟದವರು ಸೇರದೆ ನೀವೊಬ್ಬರೇ ಆರಿಸಿದರೆ ಬೇಲಿ ದಾಟಿ ಬರುತ್ತಲೇ ಇರುತ್ತವೆ, ಅದನ್ನು ಮೊದಲು ಮಾತಾಡಿಕೊಳ್ಳಿ. ಮುಂದಿನ ಸಲ ಸಸಿ ತಂದಾಗ ಚೀಲ ಒಂದೊಂದೇ ತಿರುವಿ, ಬುಡ ಕೆದರಿ ನೋಡಿ ಒಳಗೆ ಬಿಡಿ.

ಕೊನೆಗೆ ಮೀನು. ಬಿಡಬಾರದು. ನಿಮ್ಮ ಮಗನಿಗೆ ಈ ಸಾಲನ್ನು ಓದಿಸಿ. ಟ್ಯಾಂಕ್ ಕ್ಲೀನರ್ ದಕ್ಷಿಣ ಅಮೆರಿಕದ ಮೀನು, ಮೈಮೇಲೆ ಗಟ್ಟಿ ಕವಚ, ಬೇರೆ ಮೀನು ನುಂಗಲು ಹೋದರೆ ಗಂಟಲಿಗೆ ಸಿಕ್ಕುತ್ತದೆ. ಕೆರೆ ಏರಿಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ತಿನ್ನಲು ಯಾರೂ ಕೊಳ್ಳುವುದಿಲ್ಲ. ಸೂಳೆಕೆರೆಯಂಥ ದೊಡ್ಡ ನೀರಿಗೆ ಬಿದ್ದರೆ ಹಿಡಿದು ಮುಗಿಸುವ ಮಾತೇ ಇಲ್ಲ. ‘ಸುಮ್ನೆ ಒಂದು ಮೀನು’ ಅಂತ ಬಿಡುವವರು ಹತ್ತು ಮನೆಯವರಾದರೆ ಮೇಲೆ ಹೇಳಿದ ನ್ಯೂಜಿಲೆಂಡಿನ ಲೆಕ್ಕವೇ ಆಗುತ್ತದೆ.

ಈಗಾಗಲೇ ನಮ್ಮ ಕೆರೆಗಳಲ್ಲಿ ಆಗಿರುವುದು ಸಾಕಲ್ವಾ? ಜಿಲೇಬಿ ಮೀನು 1952ರಲ್ಲಿ ದೇಶಕ್ಕೆ ಬಂತು. 1959ರ ಹೊತ್ತಿಗೇ ಇನ್ನು ಹಬ್ಬಿಸಬೇಡಿ ಅಂತ ತೀರ್ಮಾನ ಆಯಿತು, ಅಷ್ಟರಲ್ಲಿ ಅದು ತಾಯಿ ಬಾಯೊಳಗೆ ಮೊಟ್ಟೆ ಕಾಯುತ್ತಾ ಕೆರೆಯಿಂದ ಕೆರೆಗೆ ಹೋಗಿಯಾಗಿತ್ತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ 2000ದಲ್ಲಿ ಕೇಂದ್ರ ಸರ್ಕಾರ ನಿಷೇಧ ಹಾಕಿದೆ, ಕದ್ದು ಸಾಕುವುದು ನಿಂತಿಲ್ಲ. ಹೊಂಡ ತುಂಬಿ ಹರಿದರೆ, ಕೆರೆ ಕೋಡಿ ಬಿದ್ದರೆ ಅದು ಹೊರಗೆ. ಗಾಳಿ ಕುಡಿದು ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ. ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ಇಟಲಿಯಿಂದ ತಂದ ಗಂಬೂಸಿಯಾ ಮೀನನ್ನು ಈಗಲೂ ಕೆರೆಗೆ ಬಿಡುವುದಿದೆ. ಅದು ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ, ಗಬ್ಬದ ಹೆಣ್ಣು ಒಂದು ಸಾಕು ಹೊಸ ಸಂಸಾರಕ್ಕೆ. ಕಪ್ಪೆಯ ಗೊದಮೊಟ್ಟೆ, ಬೇರೆ ಮೀನಿನ ಮರಿಯನ್ನೂ ಬಿಡುವುದಿಲ್ಲ. ಮುಚ್ಚಿದ ತೊಟ್ಟಿಗೋ ಪಾಳು ಬಾವಿಗೋ ಬಿಟ್ಟರೆ ನನ್ನ ತಕರಾರಿಲ್ಲ, ಕೆರೆಗೆ ಬಿಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಇದಕ್ಕೆ ಆರೋಗ್ಯ ಇಲಾಖೆಯವರು ಉತ್ತರ ಬರೆದರೆ ಖಂಡಿತ ಹಾಕುತ್ತೇವೆ.

ಮಗನ ಮೀನನ್ನು ಕೊಂಡ ಅಂಗಡಿಗೇ ವಾಪಸ್ ಕೊಡಲಿ, ದುಡ್ಡು ಕೇಳದಿದ್ದರೆ ಹೆಚ್ಚಿನವರು ಇಟ್ಟುಕೊಳ್ಳುತ್ತಾರೆ. ಅವರು ಬೇಡ ಅಂದರೆ ದೊಡ್ಡ ಸಿಮೆಂಟ್ ತೊಟ್ಟಿ ಇರುವ ಯಾರಿಗಾದರೂ ಕೊಡಿ, ತೊಟ್ಟಿಯ ನೀರು ಚರಂಡಿ ಮೂಲಕ ಹಳ್ಳಕ್ಕೆ ಸೇರದಂತೆ ಇರಬೇಕು. ಅದೂ ಆಗದಿದ್ದರೆ ಕೊಂದು ಹೂಳುವುದೇ ಸರಿ. ಹುಡುಗನಿಗೆ ಬೇಜಾರಾಗುತ್ತದೆ, ಗೊತ್ತು.